ಅರ್ಧ ನೂಲು

ತೂತು ಅಂದರೆ ನನಗೆ ಹೊಸದಲ್ಲ.
ಮೂವತ್ತೊಂದು ವರ್ಷದಿಂದ ಕಾಜ ಹಾಕುತ್ತಿದ್ದೇನೆ,
ಹಾಸನದ ಹೊಸಲೈನ್ ರಸ್ತೆ, ಹಿಟ್ಟಿನ ಗಿರಣಿ ಪಕ್ಕದ ಮಳಿಗೆ.
ಬಟ್ಟೆ ಕತ್ತರಿಸಿ ಹಾಗೇ ಬಿಟ್ಟರೆ
ಅಂಚು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ;
ಸುತ್ತ ದಾರ ಕೂರಿಸಿದ ಮೇಲಷ್ಟೇ ಅದು ಕಾಜ,
ಅಲ್ಲಿವರೆಗೆ ಬರೀ ಹರುಕು.

ಆದರೆ ಇದು ತಗಡಿನ ತೂತು.
ಪೆನ್ಶನ್ ಮೊಹಲ್ಲಾದಲ್ಲಿ ಮನೆ ಖಾಲಿ ಮಾಡುತ್ತಿದ್ದವರು
ಎರಡು ಸಾವಿರದ ಇನ್ನೂರಕ್ಕೆ ಕೊಟ್ಟ ಗೀಸರು
ವೈರು ಒಳಹೋಗುವ ಕಡೆ
ಬಾಯಿ ತೆರೆದುಕೊಂಡೇ ಬಂದಿತ್ತು.
ಲಾಜರ ಏಣಿ ಇಳಿದು, ಟೆಸ್ಟರು ಜೇಬಿಗೆ ಸಿಕ್ಕಿಸಿ,
"ಗ್ಲ್ಯಾಂಡ್ ತನ್ನಿ. ಇಲ್ಲದೆ ಕರೆಂಟು ಕೊಡಲ್ಲ.
ಈ ಅಂಚು ಬ್ಲೇಡು, ರಾಯರೇ,
ಇವತ್ತಲ್ಲ ನಾಳೆ ವೈರಿನ ಸಿಪ್ಪೆ ಸುಲಿಯುತ್ತೆ.
ಆಮೇಲೆ ಅಕ್ಕ ನಲ್ಲಿ ಮುಟ್ಟಿದರೆ..."
ಅಷ್ಟಕ್ಕೇ ನಿಲ್ಲಿಸಿದ.

ಗ್ಲ್ಯಾಂಡು.
ಈ ಪದ ನಮ್ಮ ಮನೆಗೆ ಬಂದದ್ದು ಎರಡನೇ ಸಲ.

ಮೊದಲ ಸಲ ಶ್ರಾವಣದಲ್ಲಿ.
ವತ್ಸಲಳ ರವಿಕೆಗೆ ಅಳತೆ ಹಿಡಿದಾಗ
ಕತ್ತಿನ ಹತ್ತಿರ ಟೇಪು ಸುಳ್ಳು ಹೇಳಿತು.
ಮದುವೆಯಾದಾಗಿನಿಂದ ಹದಿಮೂರು ಇಂಚು.
ಮತ್ತೆ ಹಿಡಿದೆ. ಹದಿಮೂರೂವರೆ.
"ದಪ್ಪ ಆಗಿದೀನಿ ಅನ್ನಿ" ಎಂದು ನಕ್ಕಳು.
ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗಂಟಲಿಗೆ ಬೆರಳಿಟ್ಟು
ಉಗುಳು ನುಂಗಿ ಅಂದರು, ರಕ್ತಕ್ಕೆ ಬರೆದರು,
"ಚಳಿ ಜಾಸ್ತಿಯಾ?" ಅಂತ ಕೇಳಿದರು.
ಬಡವರ ಊಟಿ ಮೇಡಂ ಇದು,
ಚಳಿ ಯಾರಿಗಿಲ್ಲ, ಅಂದವನು ನಾನು.
ಅವಳೇನೂ ಅನ್ನಲಿಲ್ಲ.
ಯುಗಾದಿ ಕಳೆದರೂ ಸ್ವೆಟರ್ ಬಿಚ್ಚಿರಲಿಲ್ಲ.

ಹೀಗೆ, ಗೀಸರು.

ಕಸ್ತೂರಬಾ ರಸ್ತೆಯ ಮೊದಲ ಅಂಗಡಿಯ ಹುಡುಗ
"ಗ್ಲ್ಯಾಂಡಾ? ಮೆಡಿಕಲ್ಲು ಎದುರುಗಡೆ" ಅಂದ,
ತಮಾಷೆಗಲ್ಲ.
ಎರಡನೆಯವನದು ಹಿತ್ತಾಳೆ, ಬೋರ್‌ವೆಲ್ ಮೋಟರಿನದು,
ನನ್ನ ವೈರು ಅದರೊಳಗೆ
ಅಪ್ಪನ ಅಂಗಿ ತೊಟ್ಟ ಮಗುವಿನ ಕೈ.
ಮೂರನೆಯವನು "ಇಂಚಾ, ಎಂಎಮ್ಮಾ?" ಅಂದ.
ಮುಕ್ಕಾಲು ಇಂಚು, ಮೇಲೆ ಅರ್ಧ ನೂಲು ಅಂದೆ.
ನೂಲಿನ ಲೆಕ್ಕ ಈಗ ಯಾರು ಹೇಳ್ತಾರೆ ಅಂತ ನಕ್ಕು
ಮುಕ್ಕಾಲಿನದೇ ಕಟ್ಟಿಕೊಟ್ಟ.
ಮನೆಗೆ ತಂದರೆ ಲಡಲಡ.
ಮೇಲೆ ಟೇಪು ಸುತ್ತಿದರಾಯಿತಲ್ಲ ಅಂದದ್ದಕ್ಕೆ ಲಾಜರ,
"ನೀವು ಕಾಜಕ್ಕೆ ಗಮ್‌ಟೇಪ್ ಹಚ್ತೀರಾ?"

ಆ ರಾತ್ರಿ ಕಂದು ಕಾಗದವನ್ನು ತೂತಿನ ಮೇಲಿಟ್ಟು
ಹೆಬ್ಬೆರಳಿಂದ ಉಜ್ಜಿ ಅಚ್ಚು ತೆಗೆದೆ,
ಕತ್ತರಿಸಿದೆ, ಕಾಲರಿಗೆ ಕತ್ತರಿಸುವ ಹಾಗೆ.

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಮೋಟರು ಸುತ್ತುವ ಅಂಗಡಿಯಲ್ಲಿ
ಜೈಬುನ್ನಿಸಾ ಬೀ ನಂಬರು ಕೇಳಲೇ ಇಲ್ಲ.
ಕಾಗದದ ಬಿಲ್ಲೆಯನ್ನು ಅಂಗೈ ಮೇಲಿಟ್ಟುಕೊಂಡು
ಬಿಸ್ಕತ್ತಿನ ಡಬ್ಬ ಬೋರಲು ಹಾಕಿ
ಒಂದೊಂದಾಗಿ ಕೂರಿಸಿ ನೋಡಿದಳು.
ಏಳನೆಯದೋ ಎಂಟನೆಯದೋ,
ಬೂದು ಬಣ್ಣದ ಪ್ಲಾಸ್ಟಿಕ್ಕು, ಒಳಗೊಂದು ರಬ್ಬರು ಉಂಗುರ.
"ಹದಿನೆಂಟು ರೂಪಾಯಿ. ನಟ್ಟು ಕಳೀಬೇಡಿ, ಬೇರೆ ಇಲ್ಲ."

ಟೋಪಿ ತಿರುಗಿಸಿದಷ್ಟೂ ರಬ್ಬರು ವೈರಿನ ಕತ್ತು ಹಿಡಿಯಿತು.
ಕಾಲರಿಗಾದರೆ ನಾನು ಒಂದು ಬೆರಳು ಸಡಿಲ ಬಿಡುತ್ತೇನೆ.
"ಇಲ್ಲಿ ಅದೂ ಬೇಡ" ಅಂದ ಲಾಜರ.
"ಎಳೀರಿ, ಜೋರಾಗಿ."
ಎಳೆದೆ. ಹೊರಗಿನ ವೈರು ಅಲುಗಿತು;
ಒಳಗೆ, ಮೂರು ಬಣ್ಣ ಸೇರುವ ಜಾಗಕ್ಕೆ
ಸುದ್ದಿಯೇ ಹೋಗಲಿಲ್ಲ.

ಬೆಳಗಿನ ಆರು. ಕೆಂಪು ದೀಪ ಆರಿತು.
ಬಾಗಿಲ ಸಂದಿಯಿಂದ ಹಬೆ, ಚೊಂಬಿನ ಸದ್ದು.
ಅಳತೆ ಪುಸ್ತಕ ತೆಗೆದು ವತ್ಸಲಳ ಸಾಲಿನಲ್ಲಿ
ಹದಿಮೂರೂವರೆ ಅಂತ ಬರೆದೆ, ಪೆನ್ಸಿಲಿನಲ್ಲಿ.
ಹೊರಗೆ ಮೀಟರಿನ ಕೆಂಪು ಚುಕ್ಕಿ ಮಿಣಮಿಣ ಹೊಡೆದುಕೊಳ್ಳುತ್ತಿತ್ತು.
ಎರಡನೇ ಬಕೆಟ್ಟು ಮುಗಿದು ಮೂರನೆಯದಕ್ಕೆ ನಲ್ಲಿ ಬಿಟ್ಟಳು.
ಕೂಗೋಣ ಅಂತ ಬಾಯಿ ತೆರೆದೆ.
ಕೂಗಲಿಲ್ಲ.